ಮೆತ್ತಗಾದ ಪೆಡಲು

ನಮ್ಮ ಮಡಕಶಿರಾ ಸೀಮೆಯಲ್ಲಿ 'ಮೆತ್ತಗೆ' ಎಂಬ ಮಾತಿಗೆ ಭಾಷಾಂತರ ಬೇಕಿಲ್ಲ. ಕನ್ನಡದವನು ಆಡಿದರೂ ತೆಲುಗಿನವನು ಆಡಿದರೂ ಅದೇ ಮಾತು, ಅದೇ ಅರ್ಥ. ಮುದ್ದೆ ಮೆತ್ತಗಿದ್ದರೆ ಊಟಕ್ಕೆ ಚೆನ್ನ, ಹದವಾದ ನೆಲ ಮೆತ್ತಗಿದ್ದರೆ ಬಿತ್ತನೆಗೆ ಚೆನ್ನ. ಕಾರಿನ ಬ್ರೇಕ್ ಪೆಡಲು ಮಾತ್ರ ಮೆತ್ತಗಾಗಬಾರದು. ಇದನ್ನು ನಾನು ಕಲಿತದ್ದು 2024ರಲ್ಲಿ, ನಮ್ಮೂರ ಕೆರೆ ಏರಿಯ ಮೇಲೆ.

ಕಾರು ನನ್ನದಲ್ಲ, ತಮ್ಮನದು. ಮಾರುತಿ 800. ತುಮಕೂರಿನಲ್ಲಿ ಕೆಲಸಕ್ಕಿದ್ದ ಅವನು 2021ರ ಯುಗಾದಿಗೆ ಬಂದಿದ್ದ. ಹೊರಡುವ ದಿನ ಬ್ಯಾಟರಿ ಇಳಿದು ಸೆಲ್ಫ್ ತೆಗೆದುಕೊಳ್ಳಲಿಲ್ಲ. "ಇರ್ಲಿ ಬಿಡಣ್ಣ, ಮುಂದಿನ ಸಲ ಬಂದಾಗ ನೋಡಾನ" ಎಂದು ಗಾಡಿಯನ್ನು ಹಳೆಯ ರೇಷ್ಮೆ ಮನೆಯೊಳಗೆ ತಳ್ಳಿಸಿ ಬಸ್ಸು ಹತ್ತಿದ. ಮುಂದಿನ ಸಲ ಬರಲಿಲ್ಲ. ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ ಹೋಗಿಬಿಟ್ಟ. ಮಾರಿಬಿಡೋಣವೆಂದರೆ ಅವ್ವ ಒಪ್ಪಲಿಲ್ಲ. ಮೂರು ವರ್ಷ ಗಾಡಿ ನಿಂತಲ್ಲೇ ನಿಂತಿತು. ಕೋಳಿಗಳು ಅದರಡಿ ಮೊಟ್ಟೆ ಇಡತೊಡಗಿದವು.

ಆಮೇಲೆ ಅವ್ವನ ಕಣ್ಣಿಗೆ ಪೊರೆ ಬಂತು. ತುಮಕೂರಿನಲ್ಲಿ ಆಪರೇಷನ್ ಎಂದಾಯಿತು. 2022ರಲ್ಲಿ ನಮ್ಮ ತಾಲ್ಲೂಕು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಆದರೆ ಅಗಳಿ ಕಡೆಯ ನಮ್ಮ ಹಳ್ಳಿಗಳ ಕಾಲುಗಳು ಮೊದಲಿನಿಂದಲೂ ಶಿರಾ, ತುಮಕೂರುಗಳ ಕಡೆಗೇ ನಡೆಯುತ್ತವೆ. ತಮ್ಮನ ಮಗ ಆಗತಾನೇ ಲೈಸೆನ್ಸ್ ಪಡೆದಿದ್ದ. "ಅಪ್ಪನ ಕಾರಲ್ಲೇ ಅಜ್ಜಿನ ಕರ್ಕೊಂಡ್ ಹೋಗಾನ ದೊಡ್ಡಪ್ಪ" ಎಂದ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಬ್ಯಾಟರಿ, ಟೈರು, ಪೆಟ್ರೋಲು, ವಿಮೆ, ಹೊಗೆ ಸರ್ಟಿಫಿಕೇಟು ಎಲ್ಲವೂ ದುಡ್ಡಿನಿಂದ ಸರಿಹೋದವು. ಎಂಜಿನ್ನು ಕೆಮ್ಮಿ ಕೆಮ್ಮಿ ಎದ್ದಿತು. ಬ್ರೇಕ್ ಪೆಡಲು ಮಾತ್ರ ಒತ್ತಿದರೆ ನೆನೆದ ಹತ್ತಿಯ ಮೂಟೆಯ ಹಾಗೆ ಒಳಗೆ ಹೋಗುತ್ತಿತ್ತು. ಎರಡು ಮೂರು ಸಲ ಪಟಪಟನೆ ತುಳಿದರೆ ಒಂದಿಷ್ಟು ಮೇಲೇಳುತ್ತಿತ್ತು.

ನಮ್ಮ ಕಡೆಯ ಒಬ್ಬ ಮೆಕ್ಯಾನಿಕ್ಕು ಬಂದು ನೋಡಿ, "ಗಾಲಿ ಪಟ್ಟಿಂದಿ" ಎಂದ. ಅವ್ವ ಜಗುಲಿಯಿಂದಲೇ ಕೇಳಿಸಿಕೊಂಡು, "ಮೂರೊರ್ಸ ಒಂಟಿಯಾಗಿ ಬಿಟ್ರೆ ಗಾಳಿ ಹಿಡೀದೆ ಇನ್ನೇನಾಯ್ತದೆ? ಯಂತ್ರ ಕಟ್ಟುಸ್ರಿ" ಎಂದಳು. ಎರಡೂ ಭಾಷೆಯಲ್ಲಿ ಗಾಳಿ ಹಿಡಿಯುವುದು ದೆವ್ವ ಮೆಟ್ಟಿಕೊಳ್ಳುವುದಕ್ಕೂ ಸಲ್ಲುತ್ತದೆಯಲ್ಲ!

ರೈತರಿಗೆ ಈ ಗಾಳಿ ಹೊಸದಲ್ಲ. ಪಂಪ್‌ಸೆಟ್ಟಿನ ಸಕ್ಷನ್ ಪೈಪಿಗೆ ಗಾಳಿ ಸೇರಿದರೆ ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಏರುವುದಿಲ್ಲ. ಬ್ರೇಕಿನದೂ ಹೆಚ್ಚುಕಡಿಮೆ ಹಾಗೆಯೇ. ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರು ಬ್ರೇಕ್ ಆಯಿಲ್ಲನ್ನು ಸಣ್ಣ ಪೈಪುಗಳಲ್ಲಿ ಚಕ್ರಗಳಿಗೆ ತಳ್ಳುತ್ತದೆ. ಆಯಿಲ್ಲು ಅದುಮಿದರೆ ಕುಗ್ಗುವುದಿಲ್ಲ, ಆದ್ದರಿಂದ ಕಾಲಿನ ಬಲ ಚಕ್ರಕ್ಕೆ ಮುಟ್ಟುತ್ತದೆ. ನಡುವೆ ಗಾಳಿಗುಳ್ಳೆ ಇದ್ದರೆ ಆ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ.

ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ಒಬ್ಬ ಪೆಡಲು ತುಳಿದು ಹಿಡಿಯಬೇಕು. ಇನ್ನೊಬ್ಬ ಚಕ್ರದ ಹತ್ತಿರದ ನಿಪ್ಪಲನ್ನು ಸಡಿಲಿಸಿ ಗಾಳಿಯನ್ನೂ ಹಳೆಯ ಆಯಿಲ್ಲನ್ನೂ ಹೊರಬಿಟ್ಟು ಮತ್ತೆ ಬಿಗಿಯಬೇಕು. ಬಿಗಿದ ಮೇಲೆಯೇ ಪೆಡಲು ಬಿಡಬೇಕು, ಮೊದಲೇ ಬಿಟ್ಟರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮೆಕ್ಯಾನಿಕ್ಕು ಗಾಡಿಯಡಿಯಿಂದ "ತೊಕ್ಕು... ಪಟ್ಟುಕೋ... ವದಲು" ಎಂದು ಕೂಗುತ್ತಿದ್ದ. ಒಳಗೆ ಕೂತವನು ತಮ್ಮನ ಮಗ. ತುಮಕೂರಿನಲ್ಲಿ ಬೆಳೆದ ಹುಡುಗ, ತೆಲುಗು ಬಾರದು. ಹಿಡಿ ಎಂದಾಗ ಬಿಟ್ಟ, ಬಿಡು ಎಂದಾಗ ತುಳಿದ. ಅರ್ಧ ಗಂಟೆ ತೆಗೆದಷ್ಟೂ ಗಾಳಿ ಒಳಗೆ ಹೋಗುತ್ತಲೇ ಇತ್ತು. ಕೊನೆಗೆ ನಾನು ಬಾಗಿಲ ಬಳಿ ನಿಂತು "ತುಳಿ, ಹಿಡ್ಕೊ, ಬಿಡು" ಎಂದು ತರ್ಜುಮೆ ಮಾಡಿದೆ. ಎರಡು ಭಾಷೆಯಲ್ಲಿ ಪದ್ಯ ಬರೆದು ನಾನು ಸಂಪಾದಿಸಿದ್ದು ಅಷ್ಟರಲ್ಲೇ ಇದೆ, ಅವತ್ತು ಮಾತ್ರ ಆ ವಿದ್ಯೆ ಕೆಲಸಕ್ಕೆ ಬಂತು. ಹೊರಬಂದ ಆಯಿಲ್ಲು ಹಳೆಯ ಚಹಾ ಡಿಕಾಕ್ಷನ್ನಿನ ಬಣ್ಣದಲ್ಲಿತ್ತು. ಹೊಸದು ತುಂಬಿದ ಮೇಲೆ ಪೆಡಲು ಗಟ್ಟಿಯಾಯಿತು. ದುಡ್ಡು ಕೊಟ್ಟು ಕಳಿಸಿದೆವು.

ಎರಡು ದಿನ ಬಿಟ್ಟು, ಅವ್ವನನ್ನು ಕೂರಿಸುವ ಮೊದಲು ಒಂದು ಸುತ್ತು ನೋಡೋಣವೆಂದು ನಾವಿಬ್ಬರೇ ಹೊರಟೆವು. ಕೆರೆ ಏರಿಯಿಂದ ಇಳಿಯುವ ಕಡೆ ಹುಡುಗ ಬ್ರೇಕು ತುಳಿದ. ಗಾಡಿ ನಿಧಾನವಾಯಿತು, ಆದರೆ ಅವನ ಕಾಲು ನಿಲ್ಲದೆ ಕೆಳಕೆಳಗೆ ಇಳಿಯುತ್ತಲೇ ಹೋಯಿತು. "ದೊಡ್ಡಪ್ಪಾ, ಇಲ್ಲ ಇದು!" ಎಂದ. ನಾನು ಹ್ಯಾಂಡ್ ಬ್ರೇಕು ಎಳೆದೆ. ಅದು ತಂತಿಯಿಂದ ಹಿಂದಿನ ಚಕ್ರಗಳಿಗೆ ಹೋಗುವಂಥದು, ಆಯಿಲ್ಲಿನ ಹಂಗಿಲ್ಲ. ಜಾಲಿಯ ಪೊದೆಗೆ ಮೂತಿ ತಾಗಿಸಿ ಗಾಡಿ ನಿಂತಿತು. ಇಬ್ಬರೂ ಬಹಳ ಹೊತ್ತು ಇಳಿಯಲಿಲ್ಲ.

ಆಮೇಲೆ ಶಿರಾದಿಂದ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಕರೆಸಿದೆ. ಆತ ಪಾನಾ ಮುಟ್ಟಲೇ ಇಲ್ಲ. ಎಂಜಿನ್ನು ಆಫ್ ಮಾಡಿಸಿ, ಪೆಡಲಿನ ಮೇಲೆ ಒಂದೇ ಸಮನೆ ಕಾಲಿಟ್ಟು ಸುಮ್ಮನೆ ಕೂತರು. ಮೊದಲು ಗಟ್ಟಿಯಾಗಿ ನಿಂತ ಪೆಡಲು, ಕೆರೆಯ ಗೋಡಿನಲ್ಲಿ ಕಾಲು ಹುಗಿಯುವಂತೆ ಮೆಲ್ಲಗೆ ಇಳಿಯಿತು. ಡಬ್ಬಿಯಲ್ಲಿ ಆಯಿಲ್ಲು ಕಡಿಮೆಯಾಗಿರಲಿಲ್ಲ. ನಾಲ್ಕು ಚಕ್ರ ಬಿಚ್ಚಿ ನೋಡಿದರೆ ಎಲ್ಲೂ ಒದ್ದೆಯಿಲ್ಲ. "ಹೊರಗೆ ಸೋರ್ತಾ ಇಲ್ಲ ಯಜಮಾನ್ರೇ, ಒಳಗೊಳಗೇ ಹಿಂದಕ್ಕೆ ಹೋಗ್ತಾ ಐತೆ. ಮಾಸ್ಟರ್ ಸಿಲಿಂಡರು ಹೋಗೈತೆ" ಎಂದರು.

ಅವರು ತಿಳಿಸಿದ ಲೆಕ್ಕ ಇದು. ತುಳಿದಾಗ ಸ್ಪ್ರಿಂಗಿನಂತೆ ಪುಟಿದರೆ ಗಾಳಿ. ಮೊದಲ ಸಲ ಆಳಕ್ಕೆ ಹೋಗಿ, ಮತ್ತೆ ಮತ್ತೆ ತುಳಿದಾಗ ಮೇಲೆ ಬಂದು ಗಟ್ಟಿಯಾಗಿ ನಿಂತರೆ, ಹಿಂದಿನ ಡ್ರಮ್ಮಿನ ಶೂಗಳು ದೂರವಾಗಿರಬಹುದು, ಗಾಳಿಯೂ ಇರಬಹುದು. ಒತ್ತಿ ಹಿಡಿದಾಗ ಮೆಲ್ಲಗೆ ಇಳಿದರೆ ಎಲ್ಲೋ ಸೋರಿಕೆ. ಹೊರಗೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರು. ಹಳೆಯ ರಬ್ಬರ್ ಪೈಪು ತುಳಿದಾಗ ಉಬ್ಬಿದರೂ ಪೆಡಲು ಮೆತ್ತಗಾಗುತ್ತದೆ.

ಎರಡು ದಿನ ಗಟ್ಟಿಯಿದ್ದದ್ದು ಹೇಗೆ ಕೆಟ್ಟಿತು ಎಂದು ಕೇಳಿದೆ. ಬಿಚ್ಚಿ ತೋರಿಸಿದರು. ಬ್ರೇಕ್ ಆಯಿಲ್ಲು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಮಳೆಗಾಲದ ಉಪ್ಪಿನ ಹಾಗೆ. ಸಿಲಿಂಡರಿನೊಳಗೆ ರಬ್ಬರ್ ಕಪ್ಪುಗಳು ದಿನನಿತ್ಯ ಓಡಾಡುವ ಭಾಗ ನುಣ್ಣಗಿರುತ್ತದೆ. ಅದರಾಚೆಗೆ, ಪೆಡಲು ಎಂದೂ ಮುಟ್ಟದ ಕೊನೆಯಲ್ಲಿ, ಆ ತೇವಕ್ಕೆ ಕಿಟ್ಟ ಕಟ್ಟಿ ಗುಳಿ ಬಿದ್ದಿರುತ್ತದೆ. ಗಾಳಿ ತೆಗೆಯುವಾಗ ನಾವು ಹುಡುಗನಿಂದ ಪೆಡಲನ್ನು ನೆಲಕ್ಕೆ ತಾಗುವವರೆಗೂ ತುಳಿಸಿದ್ದೆವು. ಮೂರು ವರ್ಷ ಒಣಗಿ ಬಿರುಸಾದ ಕಪ್ಪು ಆ ಕಿಟ್ಟದ ಮೇಲೆ ಉಜ್ಜಿ ಅಂಚು ಹರಿದುಕೊಂಡಿತ್ತು. ನಿಂತ ಗಾಡಿಯ ಗಾಳಿ ತೆಗೆಯುವಾಗ ಪೆಡಲಿನಡಿ ಒಂದು ಮರದ ತುಂಡು ಇಟ್ಟು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಇಳಿಯುವಂತೆ ಮಾಡಬೇಕಂತೆ. ಔಷಧಿ ಹೊಡೆಯುವ ಪಂಪಿನ ವಾಷರು ಬೇಸಿಗೆಯಲ್ಲಿ ಒಣಗಿ ಮಳೆಗಾಲಕ್ಕೆ ಕೈಕೊಡುವುದನ್ನು ವರ್ಷಾವರ್ಷ ನೋಡುವ ನನಗೆ ಇದು ಹೊಳೆಯಬೇಕಿತ್ತು.

ಸಿಲಿಂಡರಿನೊಳಗೆ ಗುಳಿ ಬಿದ್ದಿದ್ದರಿಂದ ಬರೀ ಕಪ್ಪು ಬದಲಿಸಿ ಪ್ರಯೋಜನವಿಲ್ಲವೆಂದು ಇಡೀ ಮಾಸ್ಟರ್ ಸಿಲಿಂಡರನ್ನೇ ಹೊಸದು ಹಾಕಿಸಿದೆವು, ರಬ್ಬರ್ ಪೈಪುಗಳನ್ನೂ ಬದಲಿಸಿದೆವು. ಆಯಿಲ್ಲು ಸೀಲು ಒಡೆಯದ ಡಬ್ಬಿಯದೇ ಆಗಬೇಕೆಂದು ಅವರು ಹಟ ಹಿಡಿದರು. ಡಾಟ್ 3 ಎಂಬ ಆಯಿಲ್ಲು ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂದು ನಿಯಮ. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಕುಡಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದು ಅದು ಕುದಿದರೆ ಆವಿ ಗುಳ್ಳೆಯಾಗುತ್ತದೆ, ಮತ್ತೆ ಪೆಡಲು ಮೆತ್ತಗೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಅದಕ್ಕೇ. ಎಂಜಿನ್ ಆಯಿಲ್ಲನ್ನು ಆ ಡಬ್ಬಿಗೆ ತಪ್ಪಿಯೂ ಹಾಕಬಾರದು, ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ.

ಈ ಸಲ ಪೆಡಲಿನ ಮೇಲೆ ನಾನೇ ಕೂತೆ. ಒಂದು ವಾರ ಗದ್ದೆಯ ದಾರಿಯಲ್ಲಿ, ಖಾಲಿ ಕಣದಲ್ಲಿ ಓಡಿಸಿ ನಿಲ್ಲಿಸಿ ನೋಡಿದೆವು. ಆಪರೇಷನ್ನಿನ ದಿನ ಬೆಳಗಿನ ಜಾವ ಹೊರಟಾಗ, ಹಿಂದೆ ಕಾಲು ಚಾಚಿ ಕೂತ್ಕೊ ಎಂದರೆ ಅವ್ವ ಕೇಳಲಿಲ್ಲ. "ಅವನಿದ್ದಾಗ ಮುಂದ್ಲೇ ಕೂರ್ತಿದ್ದೆ" ಎಂದು ಮುಂದಿನ ಸೀಟಿನಲ್ಲಿ ಕೂತಳು. ಕೆರೆ ಏರಿ ಬಂದಾಗ ಹುಡುಗ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಬ್ರೇಕು ತುಳಿದ. ಗಾಡಿ ನಿಂತಿತು. "ಯಾಕೋ ನಿಲ್ಲುಸ್ದೆ?" ಎಂದಳು ಅವ್ವ. "ಏನಿಲ್ಲಜ್ಜಿ, ಸುಮ್ನೆ" ಎಂದು ಅವನು ಗೇರು ಹಾಕಿದ.