ಔಷಧಿ ಮಾರಾಟದ ಹೊಸ ನಿಯಮಗಳು ಮತ್ತು ಶ್ರಾವಕರ ಅಣುವ್ರತ

ಬೇಲೂರು ಎಂದೊಡನೆ ಹಾಸನ ಜಿಲ್ಲೆಯ ಊರು ನೆನಪಾಗುವುದು ಸಹಜ. ಧಾರವಾಡದವರಿಗೆ ಇನ್ನೊಂದು ಬೇಲೂರು ಇದೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಯ ಕಡೆಗೆ ಹೊರಟರೆ ಸಿಗುವ ಈ ಕೈಗಾರಿಕಾ ಪ್ರದೇಶ ಟಾಟಾ ಮೋಟಾರ್ಸ್ ಕಾರ್ಖಾನೆಯಿಂದ ಹೆಸರಾಗಿದೆ. 1981ರಲ್ಲಿ ಸ್ಥಾಪನೆಯಾದ ಸರ್ಕಾರಿ ವಲಯದ ಔಷಧ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ (ಕೆಎಪಿಎಲ್) ತನ್ನ ಹೊಸ ಘಟಕಕ್ಕೆ ಜಮೀನು ಪಡೆದಿರುವುದೂ ಇಲ್ಲಿಯ ಕೋಟೂರು-ಬೇಲೂರು ಪ್ರದೇಶದಲ್ಲೇ.

ಕಾರ್ಖಾನೆಯಲ್ಲಿ ತಯಾರಾದ ಗುಳಿಗೆ ರೋಗಿಯ ಕೈ ಸೇರುವ ಮೊದಲು ಕಂಪನಿಯ ಪ್ರತಿನಿಧಿ (ಎಂಆರ್), ವೈದ್ಯರು, ಸ್ಟಾಕಿಸ್ಟ್, ಮೆಡಿಕಲ್ ಶಾಪ್ ಎಲ್ಲರನ್ನೂ ದಾಟಿ ಬರುತ್ತದೆ. ಈ ಸರಪಳಿಯ ಪ್ರತಿ ಕೊಂಡಿಯಲ್ಲೂ ನಮ್ಮ ಸಮಾಜದವರಿದ್ದಾರೆ. ಬಿ.ಫಾರ್ಮಾ ಅಥವಾ ಬಿ.ಎಸ್ಸಿ. ಮುಗಿಸಿದ ಮಕ್ಕಳಿಗೆ ಬೇಗ ಸಿಗುವ ನೌಕರಿಗಳಲ್ಲಿ ಎಂಆರ್ ಕೆಲಸವೂ ಒಂದು. ಆದ್ದರಿಂದ ಈ ಉದ್ಯಮದಲ್ಲಿ ಕೆಲವು ವರ್ಷಗಳಿಂದ ಆಗುತ್ತಿರುವ ಬದಲಾವಣೆಗಳನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಉಡುಗೊರೆಯ ಹಣ ಯಾರದು?

ಬೇರೆ ವ್ಯಾಪಾರಗಳಲ್ಲಿ ಹಣ ಕೊಡುವವನೇ ಸರಕನ್ನು ಆರಿಸುತ್ತಾನೆ. ಔಷಧಿಯಲ್ಲಿ ಹಾಗಲ್ಲ. ಆರಿಸುವವರು ವೈದ್ಯರು, ಹಣ ಕೊಡುವವನು ರೋಗಿ. ಹೀಗಾಗಿ ಕಂಪನಿಗಳ ಪೈಪೋಟಿ ವೈದ್ಯರ ಕೋಣೆಯ ಬಾಗಿಲಲ್ಲಿ ನಡೆಯುತ್ತದೆ. ಪೆನ್ನು, ಡೈರಿಯಿಂದ ಆರಂಭವಾದ ಪದ್ಧತಿ ಟಿವಿ, ಫ್ರಿಜ್, ಚಿನ್ನದ ನಾಣ್ಯ, ಪ್ರವಾಸದವರೆಗೂ ಬೆಳೆಯಿತು.

ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ 2022ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಇಲ್ಲಿ ಮುಖ್ಯ. ವೈದ್ಯರಿಗೆ ಕೊಟ್ಟ ಉಡುಗೊರೆಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಇಂತಹ ಉಡುಗೊರೆ ನಿಜವಾಗಿ ಉಚಿತವಲ್ಲ, ಅದರ ಖರ್ಚು ಔಷಧಿಯ ಬೆಲೆಯಲ್ಲಿ ಸೇರಿ ಕೊನೆಗೆ ರೋಗಿಯ ಮೇಲೆ ಬೀಳುತ್ತದೆ ಎಂಬುದನ್ನೂ ನ್ಯಾಯಾಲಯ ಗುರುತಿಸಿತು.

ನಿಯಮಗಳು ಬಿಗಿಯಾದ ಬಗೆ

ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರ ಡಿಸೆಂಬರ್‌ನಲ್ಲೇ ನಿಯಮ ಮಾಡಿತ್ತು. ಆದರೆ ಅದು ಪಡೆಯುವವರಿಗೆ ಮಾತ್ರ ಅನ್ವಯಿಸುತ್ತಿತ್ತು. ಕೊಡುವ ಕಂಪನಿಗಳಿಗಾಗಿ 2015ರಲ್ಲಿ ಬಂದ ಸಂಹಿತೆ ಸ್ವಯಂಪ್ರೇರಿತವಾಗಿತ್ತು. 2022ರ ಜುಲೈ 1ರಿಂದ, ವ್ಯಾಪಾರ ಅಥವಾ ವೃತ್ತಿಯ ನಂಟಿನಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂ. ಮೀರಿದ ಸೌಲಭ್ಯ ಕೊಟ್ಟರೆ ಶೇ 10ರಷ್ಟು ಟಿಡಿಎಸ್ ಕಟ್ಟುವ ನಿಯಮ ಬಂತು.

2024ರ ಮಾರ್ಚ್ 12ರಂದು ಕೇಂದ್ರದ ಔಷಧ ಇಲಾಖೆ ಹೊಸ ಏಕರೂಪ ಸಂಹಿತೆಯನ್ನು (ಯುಸಿಪಿಎಂಪಿ) ಹೊರಡಿಸಿತು. ಅದರ ಮುಖ್ಯ ಅಂಶಗಳು ಇವು:

• ವೈದ್ಯರಿಗಾಗಲಿ ಅವರ ಕುಟುಂಬದವರಿಗಾಗಲಿ ವೈಯಕ್ತಿಕ ಉಡುಗೊರೆ ಕೊಡುವಂತಿಲ್ಲ.
• ಮಾಹಿತಿಗಾಗಿ ಕೊಡುವ ಪುಸ್ತಕ, ಕ್ಯಾಲೆಂಡರ್‌ನಂತಹ ವಸ್ತುವಿನ ಬೆಲೆ ಒಂದಕ್ಕೆ 1,000 ರೂ. ಮೀರಬಾರದು.
• ಒಬ್ಬ ವೈದ್ಯರಿಗೆ ಒಂದು ಔಷಧಿಯ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್‌ಗಿಂತ ಹೆಚ್ಚು ಕೊಡುವಂತಿಲ್ಲ. ಸ್ಯಾಂಪಲ್‌ಗಳ ಒಟ್ಟು ಮೌಲ್ಯ ಕಂಪನಿಯ ದೇಶೀಯ ಮಾರಾಟದ ಶೇ 2ನ್ನು ಮೀರಬಾರದು.
• ತಕ್ಕ ವಿವರಣೆ ಇಲ್ಲದೆ ಔಷಧಿಯನ್ನು ‘ಸುರಕ್ಷಿತ’ ಎಂದು ಹೇಳಬಾರದು.
• ವೈದ್ಯರ ಭೇಟಿಗಾಗಿ ಪ್ರತಿನಿಧಿ ಆಮಿಷ ಒಡ್ಡಬಾರದು, ಹಣ ಕೊಡಬಾರದು.
• ಪ್ರತಿನಿಧಿಗಳ ನಡವಳಿಕೆಗೆ ಕಂಪನಿಯೇ ಹೊಣೆ.

ಸಂಹಿತೆಗೆ ಮಿತಿಗಳೂ ಇವೆ. ದೂರುಗಳನ್ನು ಮೊದಲು ವಿಚಾರಿಸುವುದು ಉದ್ಯಮ ಸಂಘಗಳ ನೀತಿ ಸಮಿತಿಗಳೇ. ಇದಕ್ಕೆ ಕಾನೂನಿನ ಬಲ ಬೇಕೆಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಎಂಆರ್‌ಗಳ ಅಖಿಲ ಭಾರತ ಒಕ್ಕೂಟ ಎಂಬುದು ಗಮನಿಸಬೇಕಾದ ಸಂಗತಿ. ಉಡುಗೊರೆ ಹೊತ್ತು ತಿರುಗುವವರೇ ಅದು ನಿಲ್ಲಲಿ ಎಂದು ಕೇಳಿದ್ದಾರೆ.

ಎಂಆರ್ ಕೆಲಸದ ಇಂದಿನ ಸ್ವರೂಪ

ಬ್ಯಾಗು ಹಿಡಿದು ಕ್ಲಿನಿಕ್ ಮುಂದೆ ಕಾಯುವುದು ಇಂದಿಗೂ ಇದೆ. ಕಾಗದದ ದಿನವರದಿಯ ಜಾಗಕ್ಕೆ ಮೊಬೈಲ್ ಆ್ಯಪ್ ಬಂದಿದೆ. ಯಾವ ವೈದ್ಯರನ್ನು ಎಷ್ಟು ಗಂಟೆಗೆ, ಎಲ್ಲಿ ಭೇಟಿಯಾದರೆಂಬುದು ದಾಖಲಾಗುತ್ತದೆ. ಬದಲಾಗದೆ ಉಳಿದದ್ದು ಟಾರ್ಗೆಟ್. ತಿಂಗಳ ಕೊನೆಯಲ್ಲಿ ಅದು ಮುಟ್ಟದಿದ್ದಾಗ ಬೇಡಿಕೆ ಇಲ್ಲದ ಸರಕನ್ನು ಸ್ಟಾಕಿಸ್ಟ್‌ಗೆ ಹೊರಿಸಿ ಲೆಕ್ಕ ಸರಿದೂಗಿಸುವ ಅಭ್ಯಾಸ ಈ ಕ್ಷೇತ್ರದಲ್ಲಿ ಹಳೆಯದು. ಅದೇ ಸರಕು ಅವಧಿ ಮುಗಿದು ವಾಪಸ್ಸಾಗುವಾಗ ಒತ್ತಡ ಮತ್ತೆ ಆ ಹುಡುಗನ ಮೇಲೆಯೇ.

ಈ ನೌಕರರ ರಕ್ಷಣೆಗೆ 1976ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಈಗ ಅದು ಸೇರಿಕೊಂಡಿದೆ. ನೇಮಕಾತಿ ಪತ್ರ ಪಡೆಯುವುದು ನೌಕರನ ಹಕ್ಕು.

ಅತಿಚಾರಗಳ ಪಟ್ಟಿಯಲ್ಲಿ ಇಂದಿನ ವ್ಯಾಪಾರ

ಔಷಧ ದಾನ ನಮ್ಮ ಚತುರ್ವಿಧ ದಾನಗಳಲ್ಲಿ ಒಂದು. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂತಹ ವೈದ್ಯಗ್ರಂಥಗಳನ್ನು ಕೊಟ್ಟ ಪರಂಪರೆ ನಮ್ಮದು. ಔಷಧಿಯ ವ್ಯಾಪಾರದಲ್ಲಿ ಲಾಭ ಪಡೆಯುವುದು ತಪ್ಪಲ್ಲ. ಲಾಭ ಬರುವ ದಾರಿ ಶುದ್ಧವಾಗಿರಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಐದನ್ನು ಈ ವೃತ್ತಿಗೆ ಹೊಂದಿಸಿ ನೋಡೋಣ.

ಮಿಥ್ಯೋಪದೇಶ: ಅಡ್ಡಪರಿಣಾಮ ಮುಚ್ಚಿಟ್ಟು ಗುಣ ಮಾತ್ರ ಹೇಳುವುದು.
ಕೂಟಲೇಖಕ್ರಿಯೆ: ಭೇಟಿಯಾಗದ ವೈದ್ಯರ ಹೆಸರನ್ನು ವರದಿಯಲ್ಲಿ ಬರೆಯುವುದು, ಸುಳ್ಳು ಬಿಲ್ ಸೃಷ್ಟಿಸುವುದು.
ಸ್ತೇನಪ್ರಯೋಗ: ತಾನು ಮಾಡದೆ ಕೈಕೆಳಗಿನವರಿಂದ ಅಕ್ರಮ ಮಾಡಿಸುವುದು. ಮ್ಯಾನೇಜರ್ ಹುದ್ದೆಯಲ್ಲಿರುವವರು ಇದನ್ನು ವಿಶೇಷವಾಗಿ ನೆನೆಯಬೇಕು.
ವಿರುದ್ಧರಾಜ್ಯಾತಿಕ್ರಮ: ರಾಜ್ಯದ ನಿಯಮ ಮೀರುವುದು.
ಪ್ರತಿರೂಪಕವ್ಯವಹಾರ: ನಕಲಿ ಸರಕನ್ನು ಅಸಲಿ ಎಂದು ಮಾರುವುದು.

ಹಿಂದೆ ಇವುಗಳಿಂದ ದೂರವಿರಲು ಬಯಸಿದ ಪ್ರತಿನಿಧಿ, “ಎಲ್ಲರೂ ಕೊಡುವಾಗ ನಿನಗೇಕೆ ಮಡಿ?” ಎಂಬ ಮಾತು ಕೇಳಬೇಕಿತ್ತು. ಈಗ ಅವನು ಸಂಹಿತೆಯನ್ನೇ ತೋರಿಸಬಹುದು. ಒಬ್ಬ ನೌಕರನ ವ್ರತಕ್ಕೆ ಇಷ್ಟರಮಟ್ಟಿಗೆ ಆಸರೆ ಸಿಕ್ಕಿದೆ.

ಕುಟುಂಬಗಳು ಮಾಡಬಹುದಾದದ್ದು

ಮಕ್ಕಳು ಎಂಆರ್ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ಟಾರ್ಗೆಟ್ ನಿಗದಿ ಮಾಡುವ ಕ್ರಮ, ಪ್ರಯಾಣ ಭತ್ಯೆ, ಯುಸಿಪಿಎಂಪಿ ತರಬೇತಿಯ ಬಗ್ಗೆ ಕೇಳಿ. ನಿಯಮಕ್ಕೆ ವಿರುದ್ಧವಾದ ಸೂಚನೆ ಬಾಯಿಮಾತಿನಲ್ಲಿ ಬಂದರೆ ಅದನ್ನು ಇ-ಮೇಲ್‌ನಲ್ಲಿ ಬರೆದು ಕೊಡಲು ವಿನಯದಿಂದ ಕೇಳುವಂತೆ ಅವರಿಗೆ ಹೇಳಿಕೊಡಿ. ತಿಂಗಳ ಕೊನೆಯಲ್ಲಿ ಮಗ ಮೌನವಾಗಿದ್ದರೆ, “ಟಾರ್ಗೆಟ್ ಆಯಿತೇ?” ಎನ್ನುವ ಬದಲು “ಆರಾಮಿದ್ದೀಯಾ?” ಎಂದು ಕೇಳಿ.

ಮೆಡಿಕಲ್ ಶಾಪ್ ನಡೆಸುವವರು ಬಿಲ್ ಇಲ್ಲದ ಅಗ್ಗದ ಸರಕನ್ನು ಕೊಳ್ಳಬಾರದು. 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ, ಪರೀಕ್ಷಿಸಿ ನೋಡಿ. ಎಚ್1 ಪಟ್ಟಿಯ ಔಷಧಿಗಳನ್ನು ಚೀಟಿ ಇಲ್ಲದೆ ಕೊಡದೆ, ಮಾರಾಟವನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ನಮ್ಮ ವೈದ್ಯ ಬಂಧುಗಳು ಉಡುಗೊರೆಯನ್ನು ನಯವಾಗಿ ಹಿಂತಿರುಗಿಸಿದರೆ, ಎದುರಿಗೆ ನಿಂತ ಯುವಕನಿಗೂ ಉಪಕಾರವಾಗುತ್ತದೆ. ಅವನು ಬ್ಯಾಗಿನಲ್ಲಿ ಔಷಧಿಯ ಮಾಹಿತಿ ಮಾತ್ರ ತಂದರೆ ಸಾಕಾಗುತ್ತದೆ.

ರೋಗಿಯಾಗಿ ಹೋದಾಗ ಇದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಆದರೆ ಅವರನ್ನು ಕೇಳದೆ ಔಷಧಿ ಬದಲಿಸಬೇಡಿ.

ಜೈ ಜಿನೇಂದ್ರ.