ಕಿವೀಲಿ ಗುಂಯ್ ಅನ್ನುತ್ತಾ, ದವಡೆ ನೋಯುತ್ತಾ? ಹುಲ್ಲು ಕೊಯ್ದಿದ್ದನ್ನೂ ಡಾಕ್ಟರಿಗೆ ಹೇಳಿ

ಈ ವಾರ ಗೊಬ್ಬರ, ಕೀಟಬಾಧೆ ಬಿಟ್ಟು ನಮ್ಮ ಮೈ ವಿಚಾರ ಮಾತಾಡೋಣ.

ಮಾಕಳಿಯಲ್ಲಿ ನಮ್ಮ ತೋಟದ ಪಕ್ಕ ಒಂದು ಹಳೇ ಲೇಔಟ್ ಇದೆ. ಸೈಟು ಮಾಡಿ ಕಲ್ಲು ನೆಟ್ಟು ಬಿಟ್ಟಿದ್ದಾರೆ, ಮನೆ ಕಟ್ಟಿಲ್ಲ. ಪಾರ್ಥೇನಿಯಂ, ಲಂಟಾನ, ಎದೆಮಟ್ಟ ಹುಲ್ಲು. ತುಮಕೂರು ರಸ್ತೆ ಉದ್ದಕ್ಕೂ ಇಂಥ ಜಾಗ ಎಷ್ಟು ಬೇಕಾದ್ರೂ ಸಿಗುತ್ತೆ. ನಮ್ಮ ಚಿಕ್ಕಪ್ಪ ಹಸುಗಳಿಗೆ ಅಲ್ಲಿಂದಲೇ ಹುಲ್ಲು ತರೋದು.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಪ್ಪನಿಗೆ ಜ್ವರ ಬಂತು. ಜೊತೆಗೆ ವಿಪರೀತ ತಲೆನೋವು. ಮೂರನೇ ದಿನ, "ಬಲಗಿವೀಲಿ ಗುಂಯ್ ಅಂತೈತೆ ಕಣೋ, ನೀನು ಹೇಳೋದು ಸರಿಯಾಗಿ ಕೇಳ್ತಿಲ್ಲ" ಅಂದರು. ದವಡೆ ಮೂಲೆ ಊದಿಕೊಂಡು ಮುದ್ದೆ ನುಂಗೋಕೂ ಕಷ್ಟ. ಹಲ್ಲಿನದ್ದು ಇರಬೇಕು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಹಲ್ಲು ಚೆನ್ನಾಗಿತ್ತು. ಇನ್ನೊಂದು ಕಡೆ ಕಿವಿಗೆ ಡ್ರಾಪ್ಸ್ ಕೊಟ್ಟರು. ಜ್ವರ ಇಳಿಯಲಿಲ್ಲ. ಆರನೇ ದಿನ ಚಿಕ್ಕಮ್ಮ ತಲೆಗೆ ಎಣ್ಣೆ ಹಚ್ಚುವಾಗ ಕಿವಿ ಹಿಂದೆ ಒಂದು ಕಪ್ಪು ಕಲೆ ಕಂಡರು. ಬೀಡಿ ಕಿಡಿ ತಾಗಿ ಸುಟ್ಟ ಹಾಗೆ. ಮುಟ್ಟಿದರೆ ನೋವಿಲ್ಲ. ಅದನ್ನ ಡಾಕ್ಟರಿಗೆ ತೋರಿಸಿ, ಹುಲ್ಲು ಕೊಯ್ಯೋ ವಿಷಯ ಹೇಳಿದ ಮೇಲೆ ರೋಗದ ಹೆಸರು ಸಿಕ್ಕಿತು: ಸ್ಕ್ರಬ್ ಟೈಫಸ್.

ನಾವು ಆ ಆರು ದಿನ ಕಳೆದುಕೊಂಡಿದ್ದು ರೋಗ ವಿಚಿತ್ರದ್ದು ಅಂತಲ್ಲ. ಹುಲ್ಲಿನ ಮಾತು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹುಲ್ಲಿಗೂ ಕಿವಿಗೂ ಏನು ಸಂಬಂಧ?

ಮೊಬೈಲಲ್ಲಿ ಹುಡುಕಿದರೆ ಮೊದಲು ಸಿಗೋದು ಲೈಮ್ ಕಾಯಿಲೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಊರಲ್ಲಿ 1975ರ ಸುಮಾರಿಗೆ ಮಕ್ಕಳಿಗೆ ಕೀಲು ಊದುವುದು ಕಂಡುಬಂದು, ಆ ಊರಿನ ಹೆಸರೇ ಕಾಯಿಲೆಗೆ ಬಂತು. ಉಣ್ಣೆ ಕಚ್ಚಿ ಹರಡುವ ಬೊರೇಲಿಯಾ ಅನ್ನುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ ಅಂತ 1982ರಲ್ಲಿ ಗೊತ್ತಾಯಿತು. ನಾವು ಉಣ್ಣೆ ಅನ್ನುವುದನ್ನೇ ಮಲೆನಾಡಲ್ಲಿ ಉಣುಗು ಅಂತಾರೆ.

ಲೈಮ್‌ನಲ್ಲಿ ಮುಖದ ನರ ಸೋತು ಒಂದು ಕಡೆ ಬಾಯಿ ವಾರೆ ಆಗಬಹುದು. ಕೆಲವರಿಗೆ ಕಿವಿಯಲ್ಲಿ ಸದ್ದು ಬರುತ್ತೆ. ದವಡೆ ಕೀಲು ಇರೋದು ಕಿವಿಯ ಮುಂದೆಯೇ. ಕಿವಿ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿ ನೋಡಿ, ಕೀಲು ಆಡೋದು ಗೊತ್ತಾಗುತ್ತೆ. ಹಾಗಾಗಿ ಕೀಲಿನ ನೋವು ಕಿವಿನೋವಿನ ಹಾಗೇ ಅನ್ನಿಸುತ್ತೆ.

ನಮ್ಮಲ್ಲಿ ಲೈಮ್ ಅಪರೂಪ. ಬಂಡೀಪುರ, ನಾಗರಹೊಳೆಯ ಅರಣ್ಯ ಸಿಬ್ಬಂದಿಯ ರಕ್ತ ಪರೀಕ್ಷೆಯಲ್ಲಿ ಇದರ ಗುರುತು ಸಿಕ್ಕಿದ ವರದಿ ಇದೆ, ಹಾಗಾಗಿ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಆದರೆ ನಮ್ಮಂಥ ಬಯಲುಸೀಮೆ ರೈತರು ಮೊದಲು ಯೋಚಿಸಬೇಕಾದ್ದು ಬೇರೆ ಎರಡು.

ಒಂದು: ಸ್ಕ್ರಬ್ ಟೈಫಸ್

ಇದನ್ನ ಹರಡೋದು ಉಣ್ಣೆಯಲ್ಲ, ಒಂದು ಜಾತಿಯ ನುಸಿಯ ಮರಿ. ತೆಂಗಿಗೆ ಬೀಳುವ ನುಸಿ ಗೊತ್ತಲ್ಲ, ಅದರ ದೂರದ ಸಂಬಂಧಿ. ದೊಡ್ಡ ನುಸಿ ಮಣ್ಣಲ್ಲೇ ಇದ್ದುಬಿಡುತ್ತೆ, ನಮ್ಮನ್ನ ಕಚ್ಚಲ್ಲ. ಮರಿ ಮಾತ್ರ ಹುಲ್ಲು, ಪೊದೆ ಹತ್ತಿ ಇಲಿಗೋ ಮನುಷ್ಯರಿಗೋ ಕಾಯುತ್ತೆ. ಸುಮಾರು 0.2 ಮಿಲಿಮೀಟರ್, ಕಣ್ಣಿಗೆ ಕಾಣೋದೇ ಕಷ್ಟ. ಕಚ್ಚಿದ್ದೂ ಗೊತ್ತಾಗಲ್ಲ. ಇಲಿ ಮತ್ತು ಪೊದೆ ಎರಡೂ ಇರೋ ಪಾಳು ಸೈಟು ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೆಂಗಳೂರು, ಕೋಲಾರದ ಆಸ್ಪತ್ರೆಗಳಲ್ಲಿ ಈ ರೋಗದವರು ಬಂದಿರೋದು ದಾಖಲಾಗಿದೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಹೆಚ್ಚು.

ಕಚ್ಚಿದ 6ರಿಂದ 21 ದಿನದೊಳಗೆ ಜ್ವರ ಶುರು. ರೋಗಾಣು ಸಣ್ಣ ರಕ್ತನಾಳಗಳ ಒಳಪದರವನ್ನೇ ಹಿಡಿಯುತ್ತೆ. ಕೆಲವರಿಗೆ ಕಿವಿ ಮಂದ ಆಗುತ್ತೆ, ಸದ್ದು ಬರುತ್ತೆ. ಕಚ್ಚಿದ್ದು ಕಿವಿ ಹಿಂದೆಯೋ ಕತ್ತಿನಲ್ಲೋ ಆದರೆ ದವಡೆ ಕೆಳಗೆ ಗಂಟು ಊದಿ ನೋಯುತ್ತೆ. ತಡ ಮಾಡಿದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೂ ತೊಂದರೆಯಾಗಿ ಜೀವಕ್ಕೇ ಅಪಾಯ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಅನ್ನುವ ಅಗ್ಗದ ಮಾತ್ರೆಗೇ ಬಗ್ಗುತ್ತೆ. ಹಾಗಂತ ಮೆಡಿಕಲ್ ಶಾಪಿಂದ ನೀವೇ ತಂದು ನುಂಗಬೇಡಿ. ಗರ್ಭಿಣಿಯರಿಗೆ ಬೇರೆ ಮಾತ್ರೆ ಕೊಡಬೇಕಾಗುತ್ತೆ, ಡಾಕ್ಟರೇ ಹೇಳಬೇಕು.

ಚಿಕ್ಕಪ್ಪನಿಗೆ ಮಾತ್ರೆ ಶುರುವಾದ ಎರಡು ದಿನಕ್ಕೆ ಜ್ವರ ಬಿಟ್ಟಿತು. ಕಿವಿ ಸರಿಹೋಗೋಕೆ ಕೆಲವು ವಾರ ಹಿಡಿಯಿತು.

ಎರಡು: ಕಿವಿಯೊಳಗೇ ಉಣ್ಣೆ

ಕೊಟ್ಟಿಗೆ ಕೆಲಸ ಮಾಡೋರಿಗೆ ಇದು ಆಗಬಹುದು. ಒಳಗೆ ಏನೋ ಹರಿದಾಡಿದ ಹಾಗೆ, ಕಡಿತ, ಆಮೇಲೆ ಜೋರು ನೋವು. ಅಪರೂಪಕ್ಕೆ ಆ ಕಡೆಯ ಮುಖದ ನರವೂ ಸೋಲುತ್ತೆ. ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ, ಸೀಮೆಎಣ್ಣೆ, ಕೀಟನಾಶಕ ಬಿಡಬೇಡಿ. ಕಿವಿ, ಮೂಗು, ಗಂಟಲಿನ ಡಾಕ್ಟರು ಸುಲಭವಾಗಿ ತೆಗೀತಾರೆ.

ಉಣ್ಣೆ ಚರ್ಮಕ್ಕೆ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಬೆಂಕಿ ಕಡ್ಡಿ ತಾಗಿಸಬೇಡಿ. ಆಮೇಲೆ ಸೋಪು ಹಾಕಿ ತೊಳೆಯಿರಿ.

ನಾವೀಗ ತೋಟದಲ್ಲಿ ಮಾಡ್ತಿರೋದು

- ಹುಲ್ಲಿಗೆ ಹೋಗುವಾಗ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಗಂಬೂಟು. ಕಾಲು, ಕೈಗೆ ಡೀಟ್ ಇರುವ ಮುಲಾಮು.
- ಹುಲ್ಲಿನ ಮೇಲೆ ಕೂರೋದು, ಮಲಗೋದು, ಟವೆಲ್ ಹಾಸೋದು ಬಿಟ್ಟಿದ್ದೇವೆ. ಹುಲ್ಲಿನ ಹೊರೆ ಬರಿ ಹೆಗಲ ಮೇಲೆ ಹೊರಲ್ಲ. ಚಿಕ್ಕಪ್ಪ ಹೊರ್ತಿದ್ದಿದ್ದು ಬಲಹೆಗಲ ಮೇಲೆಯೇ.
- ಮನೆಗೆ ಬಂದ ತಕ್ಷಣ ಸೋಪು ಹಾಕಿ ಉಜ್ಜಿ ಸ್ನಾನ. ಆ ಬಟ್ಟೆ ಬಿಸಿನೀರಿಗೆ.
- ಕಿವಿ ಹಿಂದೆ, ಕಂಕುಳು, ತೊಡೆ ಸಂದು, ಸೊಂಟ ನೋಡಿಕೊಳ್ಳೋದು. ಕಿವಿ ಹಿಂದೆ ಕಾಣಲ್ಲ, ಮೊಬೈಲಲ್ಲಿ ಫೋಟೋ ತೆಗೆದು ನೋಡಿ.
- ಹಸುಗಳ ಉಣ್ಣೆಗೆ ಪಶುವೈದ್ಯರ ಸಲಹೆ ತಗೊಳ್ಳೋದು. ನಾನೂ ಬೇವಿನೆಣ್ಣೆ ನಂಬಿದವನೇ, ಆದರೆ ಅದೊಂದೇ ಸಾಲಲ್ಲ.

ಸಾವಯವದವರಿಗೆ ಇನ್ನೊಂದು ಮಾತು. ಬದುವಿನ ಹುಲ್ಲು, ಮುಚ್ಚಿಗೆ ಮಣ್ಣಿಗೆ ಒಳ್ಳೇದು, ನಾನೂ ಬಿಟ್ಟಿಲ್ಲ. ಆದರೆ ಮನೆ, ಕೊಟ್ಟಿಗೆ, ಓಡಾಡುವ ದಾರಿ ಪಕ್ಕ ಹುಲ್ಲು ಗಿಡ್ಡ ಇರಲಿ, ಕಸದ ರಾಶಿ ದೂರ ಇರಲಿ. ಇಲಿ ಸೇರೋ ಜಾಗದಲ್ಲಿ ನುಸಿಯೂ ಸೇರುತ್ತೆ.

ಡಾಕ್ಟರ ಹತ್ತಿರ ಹೇಳಬೇಕಾದ್ದು

ಜ್ವರದ ಜೊತೆ ಕಿವಿ ಸದ್ದು, ಕಿವಿ ಮಂದ, ದವಡೆ ಊತ ಇದ್ದರೆ ಈ ಮೂರು ಮಾತು ಕೇಳದೇ ಇದ್ದರೂ ಹೇಳಿ: "ನಾನು ರೈತ. ಕಳೆದ ಮೂರು ವಾರದಲ್ಲಿ ಹುಲ್ಲು, ಪೊದೆ, ದನಗಳ ಹತ್ತಿರ ಕೆಲಸ ಮಾಡಿದ್ದೀನಿ. ಮೈಮೇಲೆ ಕಪ್ಪು ಕಲೆ ಇದೆಯಾ ನೋಡಿ." ಬಾಯಿ ವಾರೆ ಆದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಕಾಯಬೇಡಿ, ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ.

ಕಿವಿನೋವು, ಹಲ್ಲುನೋವು ಎಲ್ಲ ಉಣ್ಣೆ, ನುಸಿಯಿಂದಲೇ ಬರಲ್ಲ. ಹೆಚ್ಚಿನವು ಮಾಮೂಲಿ ನೋವೇ. ಆದರೆ ನಮ್ಮ ಕೆಲಸ ಏನು ಅಂತ ಹೇಳೋದಕ್ಕೆ ಖರ್ಚೇನೂ ಇಲ್ಲ. ಇವತ್ತು ಸಂಜೆ ಹೊಲದಿಂದ ಬಂದ ಮೇಲೆ ಅಪ್ಪ, ಅಮ್ಮನ ಕಿವಿ ಹಿಂದೆ ಒಂದು ಸಲ ನೋಡಿ.