ಸೃಷ್ಟಿಕರ್ತ ಬಾಗಿಲಿಗೆ ಬಂದಾಗ

ಜಗತ್ತನ್ನು ಸೃಷ್ಟಿಸಿದವರು ಯಾರು ಎಂದರೆ ನಮ್ಮಲ್ಲಿ ಹೆಚ್ಚಿನವರು ತಟ್ಟನೆ ಹೇಳುವ ಹೆಸರು ಬ್ರಹ್ಮ. ಹಳೆ ಮೈಸೂರು ಸೀಮೆಯ ನೀಲಗಾರರನ್ನು ಕೇಳಿದರೆ ಉತ್ತರ ಬೇರೆ. ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುವ ಅವರ ಪಾಲಿಗೆ ಬ್ರಹ್ಮ, ವಿಷ್ಣು, ಮಹೇಶ್ವರರೂ ಆಮೇಲೆ ಹುಟ್ಟಿದವರು. ಅವರಿಗಿಂತ ಮೊದಲೇ ಇದ್ದವರು ‘ಧರೆಗೆ ದೊಡ್ಡವರು’ ಎನಿಸಿದ ಮಂಟೇಸ್ವಾಮಿ.

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಸ್ಥಾಪನೆಯಾದದ್ದು 2011ರಲ್ಲಿ. ಓದುಬರಹ ಬಾರದವರ ಹಾಡು, ಕತೆಗಳಲ್ಲಿ ವಿಶ್ವವಿದ್ಯಾಲಯ ಕಲಿಸುವಂಥದ್ದು ಏನಿದೆ ಎಂದು ಕೇಳುವವರು ಉಂಟು. ಅವರಿಗೆ ಉತ್ತರವಾಗಿ ನೀಲಗಾರರ ಈ ಸೃಷ್ಟಿಕತೆಯೊಂದೇ ಸಾಕು. ಅದರ ಹೆಚ್ಚುಗಾರಿಕೆ ತಿಳಿಯಬೇಕಾದರೆ ಚೀನಾ ದೇಶದ ತಾವೊ ಧರ್ಮದ ಸೃಷ್ಟಿಕರ್ತನೊಂದಿಗೆ ಹೋಲಿಸಿ ನೋಡಬೇಕು.

ಮೇಲಿನ ಮಹಡಿಯ ದೇವರು

ತಾವೊ ಧರ್ಮದ ಪರಮ ದೈವ ಯುವಾನ್‌ಷಿ ತಿಯಾನ್‌ಝುನ್. ‘ಆದಿಮೂಲದ ಸ್ವರ್ಗಪೂಜ್ಯ’ ಎಂಬುದು ಈ ಹೆಸರಿನ ಸ್ಥೂಲಾರ್ಥ. ಭೂಮಿ, ಆಕಾಶಗಳು ಬೇರ್ಪಡುವ ಮೊದಲೇ ಆದಿಯ ಪ್ರಾಣವಾಯುವಿನಿಂದ ತಾನಾಗಿ ಮೂಡಿದವನು ಎಂಬುದು ನಂಬಿಕೆ. ಅವನಿಗೆ ಹೆತ್ತವರಿಲ್ಲ, ಅಂತ್ಯವೂ ಇಲ್ಲ. ಸುಮಾರು ಕ್ರಿ.ಶ. 400ರ ಹೊತ್ತಿಗೆ ಹೊರಬಂದ ಲಿಂಗ್‌ಬಾವೊ ಗ್ರಂಥಗಳು ಅವನನ್ನು ಎಲ್ಲರಿಗಿಂತ ಮೇಲೆ ಕೂರಿಸಿದವು. ಪ್ರತಿ ಕಲ್ಪದ ಆರಂಭದಲ್ಲಿ ಅವನು ಮತ್ತೆ ಜ್ಞಾನವನ್ನು ಬೋಧಿಸುತ್ತಾನೆ ಎನ್ನುತ್ತವೆ ಆ ಗ್ರಂಥಗಳು. ಈ ‘ಕಲ್ಪ’ದ ಕಲ್ಪನೆ ಬೌದ್ಧ ಧರ್ಮದ ಜೊತೆಗೆ ಭಾರತದಿಂದಲೇ ಅಲ್ಲಿಗೆ ಹೋದದ್ದು.

ತಾವೊ ಗುಡಿಗಳಲ್ಲಿ ಮೂವರು ‘ಪರಿಶುದ್ಧ’ರ ನಡುವೆ ಕುಳಿತವನು ಇವನೇ. ಲಾವೊತ್ಸೆಯ ದೈವರೂಪಕ್ಕೆ ಆ ಮೂವರಲ್ಲಿ ಮೂರನೆಯ ಸ್ಥಾನ. ಆದರೆ ಇಷ್ಟು ಎತ್ತರದ ದೇವರು ಮಳೆ, ಬೆಳೆ, ಪಾಪ, ಪುಣ್ಯಗಳ ಲೆಕ್ಕ ನೋಡುವುದಿಲ್ಲ. ಅದು ಜೇಡ್ ಚಕ್ರವರ್ತಿಯ ಕೆಲಸ. ಸ್ವರ್ಗದಲ್ಲಿ ಆಸ್ಥಾನ, ಅಧಿಕಾರಿಗಳು, ಕಡತಗಳನ್ನು ಇಟ್ಟುಕೊಂಡ ಈ ದೊರೆಗೆ 11ನೇ ಶತಮಾನದ ಆರಂಭದಲ್ಲಿ ಸೋಂಗ್ ವಂಶದ ಅರಸ ರಾಜಮನ್ನಣೆ ನೀಡಿದ. ಬೀಜಿಂಗ್‌ನ ಶ್ವೇತಮೇಘ ದೇವಾಲಯದಲ್ಲಿ ಈ ಏರ್ಪಾಡು ಕಣ್ಣಿಗೇ ಕಾಣುತ್ತದೆ. ಮೇಲಿನ ಮಹಡಿಯಲ್ಲಿ ಮೂವರು ಪರಿಶುದ್ಧರು, ಕೆಳಗೆ ಆಡಳಿತದ ನಾಲ್ವರು ದೇವತೆಗಳು.

ಕಲ್ಯಾಣದ ಬಾಗಿಲಲ್ಲಿ

ನಮ್ಮ ಜನಪದರ ಕತೆಯೂ ಶೂನ್ಯದಿಂದಲೇ ಆರಂಭವಾಗುತ್ತದೆ. ಏನೂ ಇಲ್ಲದ ಕಾಲದಲ್ಲಿ ಪರಂಜ್ಯೋತಿ ಸ್ವರೂಪದ ಧರೆಗೆ ದೊಡ್ಡವರು ಆದಿಶಕ್ತಿಯನ್ನು ಸೃಷ್ಟಿಸುತ್ತಾರೆ. ಅವಳಿಂದ ತ್ರಿಮೂರ್ತಿಗಳು ಹುಟ್ಟುತ್ತಾರೆ. ತನ್ನನ್ನು ವರಿಸಿರೆಂದು ಅವಳು ಕೇಳಿದಾಗ ಒಪ್ಪದ ಇಬ್ಬರು ಸುಟ್ಟು ಬೂದಿಯಾಗುತ್ತಾರೆ. ಮಹೇಶ್ವರ ಉಪಾಯದಿಂದ ಅವಳನ್ನು ಗೆಲ್ಲುತ್ತಾನೆ. ಗಾಯಕರಿಂದ ಗಾಯಕರಿಗೆ ವಿವರಗಳು ಬದಲಾಗುತ್ತವೆ. ಮೊದಲಿಗರು ಯಾರೆಂಬುದು ಮಾತ್ರ ಬದಲಾಗುವುದಿಲ್ಲ.

ಇಲ್ಲಿಂದ ಮುಂದೆ ಎರಡು ಕತೆಗಳ ದಾರಿ ಬೇರೆಯಾಗುತ್ತದೆ. ನೀಲಗಾರರ ಸೃಷ್ಟಿಕರ್ತ ಮೇಲೆಯೇ ಉಳಿಯುವುದಿಲ್ಲ. ಬಸವಣ್ಣನವರ ಕಲ್ಯಾಣದಲ್ಲಿ ನಿತ್ಯ ದಾಸೋಹ ಉಣ್ಣುವ 1,96,000 ಜಂಗಮರಲ್ಲಿ ನಿಜವಾದ ಶರಣರು ಎಷ್ಟು ಮಂದಿ ಎಂದು ಪರೀಕ್ಷಿಸಲು ಅವರು ಹೊರಡುತ್ತಾರೆ. ಬರುವುದು ಕಿರೀಟ ತೊಟ್ಟಲ್ಲ. ಮೈತುಂಬ ಹುಣ್ಣು, ಜೊತೆಗೆ ಹೆಂಡದ ಮಡಕೆ. ಬಾಗಿಲಲ್ಲಿದ್ದವರು ಮೂಗು ಮುಚ್ಚಿಕೊಂಡು ಹೊಡೆದಟ್ಟುತ್ತಾರೆ. ಕೊನೆಗೆ ಗುರುತಿಸಿ ಬರಮಾಡಿಕೊಳ್ಳುವವರು ಬಸವಣ್ಣ ಮತ್ತು ನೀಲಮ್ಮ.

ಇದನ್ನು 12ನೇ ಶತಮಾನದ ಇತಿಹಾಸವೆಂದು ಓದಬೇಕಾಗಿಲ್ಲ. ಯಾರು ಹಾಡುತ್ತಾರೆ ಎಂಬುದನ್ನು ಗಮನಿಸಬೇಕು. ನೀಲಗಾರರಲ್ಲಿ ದಲಿತರೇ ಹೆಚ್ಚು. ದೇವಸ್ಥಾನದ ಹೊಸ್ತಿಲಾಚೆ ತಲೆಮಾರುಗಳಿಂದ ನಿಂತವರು, ಜಗತ್ತನ್ನು ಸೃಷ್ಟಿಸಿದವರನ್ನೂ ಇದೇ ಬಾಗಿಲಿನಿಂದ ಅಟ್ಟಲಾಗಿತ್ತು ಎಂದು ಹಾಡುತ್ತಾರೆ. ಸಮಾನತೆಯ ನಾಡೆಂದು ಹೆಸರಾದ ಕಲ್ಯಾಣವನ್ನೂ ಅವರು ಪ್ರಶ್ನಿಸದೆ ಬಿಡುವುದಿಲ್ಲ.

ಈ ಪರಂಪರೆ ಇಂದಿಗೂ ಜೀವಂತವಾಗಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯವರ ಗದ್ದುಗೆಯಿದೆ. ಶಿಷ್ಯ ರಾಚಪ್ಪಾಜಿಯ ನೆಲೆ ಕಪ್ಪಡಿಯಲ್ಲಿ, ಕಮ್ಮಾರರ ಮಗ ಸಿದ್ದಪ್ಪಾಜಿಯ ನೆಲೆ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ. ಚಿಕ್ಕಲ್ಲೂರಿನ ಐದು ದಿನಗಳ ಜಾತ್ರೆ ಹುಣ್ಣಿಮೆಯ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಹೊತ್ತಿಸುವುದರೊಂದಿಗೆ ಆರಂಭವಾಗುತ್ತದೆ. ಅಲ್ಲಿನ ಪಂಕ್ತಿಸೇವೆಯಲ್ಲಿ ಜಾತಿಯ ಲೆಕ್ಕವಿಲ್ಲದೆ ಜನ ಸಾಲಾಗಿ ಕೂತು ಉಣ್ಣುತ್ತಾರೆ.

ಸೃಷ್ಟಿಕರ್ತ ಯಾರೆಂಬ ಪ್ರಶ್ನೆಯನ್ನು ಜಗತ್ತಿನ ಎಲ್ಲ ಧರ್ಮಗಳೂ ಕೇಳಿವೆ. ಅವರು ಬಾಗಿಲಿಗೆ ಬಂದರೆ ನಾವು ಗುರುತಿಸುತ್ತೇವೆಯೇ ಎಂಬುದು ನೀಲಗಾರರ ಪ್ರಶ್ನೆ. ತಂಬೂರಿಯ ಜೊತೆ ಕೇಳಿಬರುವ ಈ ಪ್ರಶ್ನೆ ವಿಶ್ವವಿದ್ಯಾಲಯದ ಪಾಠಕ್ಕೆ ಖಂಡಿತ ತಕ್ಕದ್ದು.